ಬಿಸಿಲುಂಡು ನುಡಿಯುವ ಪೆಟ್ಟಿಗೆ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಕಾಣದವರಿಗೆ ವರ್ಣಿಸಿ ತಿಳಿಸುವುದು ಕಷ್ಟ. ಆಷಾಢದ ಒಂದು ಇರುಳು ಗಾಳಿಯೆದ್ದು, ಎಲ್ಲಿಯೋ ಒಂದು ಮರ ವಿದ್ಯುತ್ತಿನ ತಂತಿಯ ಮೇಲೆ ಒರಗಿತೆಂದರೆ ಹತ್ತು ಊರುಗಳು ಒಮ್ಮೆಗೇ ಕತ್ತಲಾಗುವುವು. ಮೊಬೈಲ್ ಗೋಪುರವು ತನ್ನ ಬ್ಯಾಟರಿಯ ಬಲದಿಂದ ಇನ್ನು ಕೆಲವು ಗಂಟೆಗಳ ಕಾಲ ಉಸಿರಾಡುವುದು; ಆಮೇಲೆ ಅದೂ ಮೌನ. ಮರ ಕಡಿದು, ಕಂಬ ನೆಟ್ಟು, ತಂತಿ ಎಳೆದು ದೀಪ ಬರುವುದಕ್ಕೆ ಮೂರು ದಿನವಾದರೂ ಆದೀತು, ಎಂಟು ದಿನವಾದರೂ ಆದೀತು.

ನಮ್ಮ ದೊಡ್ಡಮ್ಮನವರ ಮನೆ ನಮ್ಮ ಮನೆಯಿಂದ ನಕಾಶೆಯ ಮೇಲೆ ಕೇವಲ ಆರು ಕಿಲೋಮೀಟರು. ಆದರೆ ನಡುವೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಹೊಳೆ. ರಸ್ತೆಯ ಮೂಲಕ ಹೋಗುವುದಾದರೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಮಳೆಯಲ್ಲಿ ಐದು ದಿನ ಅವರ ಸುದ್ದಿಯೇ ತಿಳಿಯಲಿಲ್ಲ. ಎಂಬತ್ತು ದಾಟಿದ ಜೀವ. ದಿನವೂ ಔಷಧಿ ಬೇಕು. ಆರನೆಯ ದಿನ ಹೇಗೋ ಹೋಗಿ ಅಂಗಳದಲ್ಲಿ ನಿಂತಾಗ ಅವರು ಜಗುಲಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. "ಐದು ದಿನದಿಂದ ಸುದ್ದಿ ಇಲ್ಲ, ನಿನಗೇ ಏನಾಯ್ತೋ ಅಂತ ಹೆದರಿ ಕೂತಿದ್ದೆನಲ್ಲೋ ಮಗಾ" ಎಂದರು. ಗುಡ್ಡದ ಎರಡು ಮಗ್ಗುಲಲ್ಲಿಯೂ ಒಂದೇ ಭಯ! "ಚೆನ್ನಾಗಿದ್ದೇವೆ" ಎಂಬ ಒಂದು ಮಾತು ದಾಟಿದ್ದರೆ ಎರಡು ಮನೆಗಳಿಗೂ ನಿದ್ರೆ ಬರುತ್ತಿತ್ತು.

ಆ ಒಂದು ಮಾತನ್ನು, ತಂತಿಯಿಲ್ಲದೆ, ಗೋಪುರವಿಲ್ಲದೆ, ಯಾರಿಗೂ ಬಾಡಿಗೆ ಕೊಡದೆ ದಾಟಿಸುವ ಉಪಾಯವಿದೆ. ಅದನ್ನು ಕಾಲೇಜಿನ ವಿದ್ಯಾರ್ಥಿಯೊಬ್ಬನು ರಜೆಯ ದಿನಗಳಲ್ಲಿ ಮನೆಯಲ್ಲಿಯೇ ಕಟ್ಟಬಹುದು. ನಾನು ಕಟ್ಟಿದ ಬಗೆಯನ್ನೂ, ಮೊದಲ ಸಲ ಕಟ್ಟಿದ್ದು ಕೆಟ್ಟ ಬಗೆಯನ್ನೂ ವಾಚಕರ ಮುಂದಿಡುತ್ತೇನೆ.

ಹಿಂದಿನವರು ದೂರವನ್ನು ಹೇಳುವಾಗ 'ಕೂಗಳತೆ' ಎನ್ನುತ್ತಿದ್ದರು. ಒಬ್ಬನು ಗಟ್ಟಿಯಾಗಿ ಕೂಗಿದರೆ ಕೇಳಿಸುವಷ್ಟು ದೂರ. ಕೂಗಳತೆಯ ಆಚೆಗೆ ಸುದ್ದಿ ಮುಟ್ಟಬೇಕಾದರೆ ನಡುವಿನ ದಿಬ್ಬದಲ್ಲಿ ಒಬ್ಬನು ನಿಂತು, ಕೇಳಿದ್ದನ್ನು ತಾನು ಮತ್ತೆ ಕೂಗಬೇಕು. ನಾವು ಕಟ್ಟಲಿರುವ ಪೆಟ್ಟಿಗೆ ದಿಬ್ಬದ ಮೇಲೆ ನಿಂತ ಆ ಮನುಷ್ಯನೇ. ಅವನಿಗೆ ಊಟ ಬಿಸಿಲು. ಕಿವಿ ಮತ್ತು ಬಾಯಿ ಎರಡೂ ಒಂದು ಗೇಣಿಗಿಂತ ಚಿಕ್ಕದಾದ ತಾಮ್ರದ ಕಡ್ಡಿ.

ಪೆಟ್ಟಿಗೆಯ ತಿರುಳು ಉಗುರಿಗಿಂತ ಚಿಕ್ಕದಾದ ಎರಡು ಚಿಪ್ಪುಗಳು. ಒಂದು ರೇಡಿಯೋ ಚಿಪ್ಪು. ಅದೇ ಪ್ರೇಷಕ, ಅದೇ ಗ್ರಾಹಕ. ಇನ್ನೊಂದು, ಬಂದ ಸಂದೇಶವನ್ನು ಓದಿ ಮುಂದೆ ಕಳುಹಿಸಬೇಕೇ ಬೇಡವೇ ಎಂದು ನಿರ್ಧರಿಸುವ ಪುಟ್ಟ ಗಣಕ. ಇವೆರಡನ್ನೂ ಕೂಡಿಸಿದ ಫಲಕಗಳು ಸಿದ್ಧವಾಗಿಯೇ ದೊರೆಯುತ್ತವೆ. ಇದರಲ್ಲಿ ಧ್ವನಿ ಹೋಗದು, ಚಿತ್ರ ಹೋಗದು. ಚುಟುಕಾದ ಬರಹ ಮಾತ್ರ ಹೋಗುವುದು. ಮೊಬೈಲಿನಲ್ಲಿ ಬರೆದ ಬರಹ ಬ್ಲೂಟೂತಿನ ಮೂಲಕ ಮನೆಯ ಪೆಟ್ಟಿಗೆಗೆ, ಅಲ್ಲಿಂದ ರೇಡಿಯೋ ಅಲೆಯಾಗಿ ಗುಡ್ಡದ ಪೆಟ್ಟಿಗೆಗೆ, ಅಲ್ಲಿಂದ ಆಚೆಯ ಮನೆಯ ಪೆಟ್ಟಿಗೆಗೆ, ಕೊನೆಗೆ ಆಚೆಯವರ ಮೊಬೈಲಿಗೆ.

ಪ್ರೇಷಕದ ಬಲವೆಷ್ಟು? ಸುಮಾರು 0.16 ವ್ಯಾಟು. ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ದೀಪದ ಐವತ್ತನೆಯ ಒಂದು ಪಾಲಿಗೂ ಕಡಮೆ. ಇಷ್ಟರಿಂದ ಆರು ಕಿಲೋಮೀಟರು ದಾಟುವುದುಂಟೇ ಎಂಬ ಸಂದೇಹ ಸಹಜ. ಲೆಕ್ಕ ಮಾಡಿ ನೋಡೋಣ. ನಡುವೆ ಯಾವ ಅಡ್ಡಿಯೂ ಇಲ್ಲವೆಂದು ಎಣಿಸಿದರೆ, ಆರು ಕಿಲೋಮೀಟರಿನಾಚೆಯ ಆಂಟೆನಾಕ್ಕೆ ತಲಪುವ ಶಕ್ತಿ, ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅಂತಹ ಎಂಟು ಪಾಲು ಮಾತ್ರ. ನಗುವಷ್ಟು ಅಲ್ಪ. ಆದರೆ ಈ ಗ್ರಾಹಕಕ್ಕೆ ಅಷ್ಟೂ ಬೇಕಾಗಿಲ್ಲ. ಅದರ ಎರಡು ಲಕ್ಷದಲ್ಲಿ ಒಂದು ಪಾಲು ದೊರೆತರೂ ಅದು ಸಂದೇಶವನ್ನು ಓದಿಕೊಳ್ಳುತ್ತದೆ!

ಇಲ್ಲಿಯೇ ಈ ವಿದ್ಯೆಯ ಸ್ವಾರಸ್ಯವಿರುವುದು. ಯಾವ ಗ್ರಾಹಕದಲ್ಲಾದರೂ ಇಲೆಕ್ಟ್ರಾನುಗಳ ಉಷ್ಣಚಲನೆಯಿಂದ ಹುಟ್ಟುವ ಒಂದು ಮೊರೆತ ಸದಾ ಇರುತ್ತದೆ. ಸಾಮಾನ್ಯ ರೇಡಿಯೋದಲ್ಲಿ ನಿಲಯದ ಅಲೆ ಈ ಮೊರೆತಕ್ಕಿಂತ ಬಲವಾಗಿರಲೇಬೇಕು. ಇಲ್ಲವಾದರೆ 'ಸುಂಯ್' ಎಂಬ ಸದ್ದಲ್ಲದೆ ಬೇರೇನೂ ಕೇಳದು. ನಮ್ಮ ಪೆಟ್ಟಿಗೆಯಾದರೋ ಮೊರೆತದ ಐವತ್ತನೆಯ ಒಂದು ಪಾಲಿನಷ್ಟು ಕ್ಷೀಣವಾದ ಸಂಕೇತವನ್ನೂ ಹೆಕ್ಕಿ ತೆಗೆಯುತ್ತದೆ. ಜಾತ್ರೆಯ ಗದ್ದಲದಲ್ಲಿ, ತೇರಿನ ಆಚೆ ಬದಿಯಲ್ಲಿ ಪಿಸುಗುಟ್ಟಿದವನ ಮಾತನ್ನು ಕೇಳಿಸಿಕೊಂಡಂತೆ.

ಹೇಗೆ? ಪಿಟೀಲು ವಾದಕನು ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ತಂತಿಯ ಮೇಲೆ ಬೆರಳನ್ನು ಜಾರಿಸುವುದನ್ನು ಕೇಳಿದ್ದೀರಷ್ಟೆ. ನಮ್ಮ ಸಂಗೀತದಲ್ಲಿ ಅದಕ್ಕೆ ಜಾರು ಎಂದೇ ಹೆಸರು. ಈ ಪ್ರೇಷಕವೂ ಒಂದೇ ಶ್ರುತಿಯನ್ನು ಹಿಡಿದು ನಿಲ್ಲದೆ, 125 ಕಿಲೋಹರ್ಟ್ಸ್ ಅಗಲದ ಪಟ್ಟಿಯ ತಳದಿಂದ ತುದಿಯವರೆಗೆ ತನ್ನ ಆವರ್ತಾಂಕವನ್ನು ಒಂದೇ ಸಮನೆ ಜಾರಿಸುತ್ತದೆ. ಒಂದು ಜಾರಿಗೆ ಹಿಡಿಯುವ ಕಾಲ ಸುಮಾರು 16 ಮಿಲಿಸೆಕೆಂಡು. ಜಾರು ತಳದಿಂದಲೇ ಹೊರಡಬೇಕೆಂಬ ನಿಯಮವಿಲ್ಲ. ಪಟ್ಟಿಯನ್ನು 2048 ಮೆಟ್ಟಿಲುಗಳಾಗಿ ಭಾವಿಸಿಕೊಂಡು ಯಾವ ಮೆಟ್ಟಿಲಿನಿಂದಲಾದರೂ ಹೊರಡಬಹುದು. ತುದಿ ಮುಟ್ಟಿದೊಡನೆ ತಳಕ್ಕೆ ಇಳಿದು ಉಳಿದ ಭಾಗವನ್ನು ಪೂರೈಸಬಹುದು. ಯಾವ ಮೆಟ್ಟಿಲಿನಿಂದ ಹೊರಟಿತೆಂಬುದೇ ಸಂದೇಶ. ಎರಡನ್ನು ಹನ್ನೊಂದು ಸಲ ಗುಣಿಸಿದರೆ 2048. ಆದುದರಿಂದ ಒಂದೊಂದು ಜಾರೂ ಹನ್ನೊಂದು ಬಿಟ್‌ಗಳಷ್ಟು ವಿಷಯವನ್ನು ಹೊತ್ತಿರುತ್ತದೆ.

ಗ್ರಾಹಕದ ಕೆಲಸ ಇದರ ಪ್ರತಿಬಿಂಬ. ಅದು ತನ್ನೊಳಗೆ ಒಂದು ಇಳಿಜಾರನ್ನು ತಯಾರಿಸಿ, ಬಂದ ಏರುಜಾರಿನೊಡನೆ ಗುಣಿಸುವುದು. ಏರು ಇಳಿತಗಳೆರಡೂ ಒಂದನ್ನೊಂದು ಕಳೆದುಕೊಂಡು, 16 ಮಿಲಿಸೆಕೆಂಡಿನುದ್ದಕ್ಕೂ ಹರಡಿದ್ದ ಅಲೆಯ ಶಕ್ತಿಯೆಲ್ಲವೂ ಒಂದೇ ಮೆಟ್ಟಿಲಿನಲ್ಲಿ ರಾಶಿಯಾಗಿ ಬಂದು ಬೀಳುತ್ತದೆ. ಮೊರೆತಕ್ಕೆ ಹಾಗೆ ಜಾರುವ ಶಿಸ್ತು ಇಲ್ಲವಾದ್ದರಿಂದ ಅದು 2048 ಮೆಟ್ಟಿಲುಗಳ ಮೇಲೂ ತೆಳುವಾಗಿ ಚದರಿಹೋಗುವುದು. ಚದರಿದ ಮೊರೆತದ ನಡುವೆ ರಾಶಿಯಾದ ಸಂಕೇತ ಎದ್ದು ಕಾಣುವುದು. ಬಾವಲಿಗಳೂ ಜಾರುವ ಕೂಗಿನಿಂದಲೇ ಇರುಳಿನಲ್ಲಿ ಬೇಟೆಯನ್ನು ಗುರುತಿಸುತ್ತವೆ. ರೇಡಾರಿನವರೂ ಬಹುಕಾಲದಿಂದ ಈ ತಂತ್ರವನ್ನು ಬಳಸಿದ್ದಾರೆ. ಇದನ್ನು ಅಗ್ಗದ ಚಿಪ್ಪಿನೊಳಗೆ ಅಡಕಗೊಳಿಸಿದವರು ಫ್ರಾನ್ಸಿನ ಗ್ರೆನೋಬಲ್ ನಗರದ ಸೈಕ್ಲಿಯೋ ಎಂಬ ಸಣ್ಣ ಸಂಸ್ಥೆಯವರು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕಂಪನಿ ಆ ಸಂಸ್ಥೆಯನ್ನು ಕೊಂಡಿತು; ಈ ಪದ್ಧತಿಗೆ 'ಲೋರಾ' ಎಂದು ಹೆಸರಾಯಿತು.

ಪುಕ್ಕಟೆಯಾಗಿ ಏನೂ ದೊರೆಯುವುದಿಲ್ಲವಷ್ಟೆ. ಇಷ್ಟು ಸೂಕ್ಷ್ಮವಾದ ಕಿವಿಗೆ ತೆರಬೇಕಾದ ಬೆಲೆ ವೇಗ. ತಪ್ಪು ತಿದ್ದಿಕೊಳ್ಳುವುದಕ್ಕಾಗಿ ಸೇರಿಸುವ ಹೆಚ್ಚಿನ ಬಿಟ್‌ಗಳನ್ನು ಕಳೆದರೆ ಸೆಕೆಂಡಿಗೆ ಸುಮಾರು 330 ಬಿಟ್‌ಗಳಷ್ಟೇ ಸಾಗುವುವು. ಒಂದು ಚಿಕ್ಕ ವಾಕ್ಯ ಗುಡ್ಡಕ್ಕೆ ಏರುವುದಕ್ಕೆ ಎರಡೂವರೆ ಸೆಕೆಂಡು ಬೇಕು.

ಈ ಅಲೆ ಎಷ್ಟು ದೂರ ಹೋದೀತು? 2017ರಲ್ಲಿ ಯೂರೋಪಿನಲ್ಲಿ ಬೆಲೂನಿಗೆ ಕಟ್ಟಿ ಹಾರಿಸಿದ ಇಂತಹ ಒಂದು ಪ್ರೇಷಕ, ಕೇವಲ 0.025 ವ್ಯಾಟಿನ ಬಲದಿಂದ, 702 ಕಿಲೋಮೀಟರು ದೂರದ ಗ್ರಾಹಕವನ್ನು ಮುಟ್ಟಿತು. ಆಗ ಬೆಲೂನು ಸುಮಾರು 38.7 ಕಿಲೋಮೀಟರು ಎತ್ತರದಲ್ಲಿತ್ತು. ಗಣಿತದಲ್ಲಿ ಆಸಕ್ತಿಯುಳ್ಳವರು ಒಂದು ಚಿಕ್ಕ ಲೆಕ್ಕ ಮಾಡಬಹುದು. ನಿಂತ ಎತ್ತರವನ್ನು ಮೀಟರಿನಲ್ಲಿ ಬರೆದು, ವರ್ಗಮೂಲ ತೆಗೆದು, 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. 38,700ರ ವರ್ಗಮೂಲ 196.7, ಗುಣಿಸಿದರೆ 702! ಅಂದರೆ ಆ ಅಲೆಯನ್ನು ತಡೆದುದು ಅದರ ದೌರ್ಬಲ್ಯವಲ್ಲ, ಭೂಮಿಯ ಉಬ್ಬು. ಇದೇ ಸೂತ್ರದಂತೆ ಹತ್ತು ಮೀಟರು ಎತ್ತರದ ಮಾಡಿನ ಮೇಲಿನ ಆಂಟೆನಾಕ್ಕೆ ದಿಗಂತ ಹನ್ನೊಂದು ಕಿಲೋಮೀಟರು. ನೂರು ಮೀಟರಿನ ದಿಬ್ಬದ ಮೇಲೆ ಮೂವತ್ತಾರು.

ನಮ್ಮ ಕಷ್ಟವೂ ಇದರಿಂದ ಸ್ಪಷ್ಟವಾಗುವುದು. ದೊಡ್ಡಮ್ಮನ ಮನೆಗೂ ನಮ್ಮ ಮನೆಗೂ ನಡುವಣ ಅಡ್ಡಿ ದೂರವಲ್ಲ, ಗುಡ್ಡ. 866 ಮೆಗಾಹರ್ಟ್ಸಿನ ಅಲೆಯ ಉದ್ದ 34.6 ಸೆಂಟಿಮೀಟರು, ಇಷ್ಟು ಗಿಡ್ಡ ಅಲೆ ಗುಡ್ಡವನ್ನು ಬಳಸಿ ಬಾಗುವುದು ಬಹಳ ಸ್ವಲ್ಪ. ಅಲ್ಲದೆ ಎರಡು ಆಂಟೆನಾಗಳ ನಡುವೆ ಒಂದು ದಾರ ಎಳೆದಷ್ಟು ತೆರಪಿದ್ದರೆ ಸಾಲದು. ಅಲೆ ಸಾಗುವ ಹಾದಿ ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ್ದು. ಮೂರು ಕಿಲೋಮೀಟರಿನ ಹಾದಿಯ ಮಧ್ಯದಲ್ಲಿ ಅದರ ತ್ರಿಜ್ಯ 16 ಮೀಟರು. ಅದರ ಬಹುಭಾಗವಾದರೂ ತೆರವಾಗಿರಬೇಕು. ಮಳೆಯಲ್ಲಿ ತೊಯ್ದ ಮರಗಳ ಎಲೆಗಳು ಅದರೊಳಗೆ ಚಾಚಿದರೆ, ಬೇಸಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಶ್ರಾವಣದಲ್ಲಿ ಸೊರಗುವುದು. ಅದೃಷ್ಟವಶಾತ್ ಗುಡ್ಡದ ನೆತ್ತಿಯಲ್ಲಿ ಪರಿಚಿತರೊಬ್ಬರ ತೋಟವೂ, ತೋಟದ ತಲೆಯಲ್ಲಿ ಒಂದು ಕಾಂಕ್ರೀಟಿನ ನೀರಿನ ತೊಟ್ಟಿಯೂ ಇದ್ದುವು. ಅಲ್ಲಿಂದ ಎರಡು ಮನೆಗಳ ಮಾಡೂ ಕಾಣುತ್ತವೆ. ಆದರೆ ಅಲ್ಲಿಗೆ ವಿದ್ಯುತ್ತಿನ ತಂತಿ ಇಲ್ಲ. ಬಿಸಿಲಿನ ಮೊರೆಹೊಕ್ಕದ್ದು ಹೀಗೆ.

ಬಿಸಿಲಿನಿಂದ ರೇಡಿಯೋ ನಡೆಸುವುದು ಹೊಸ ಯೋಚನೆಯೇನೂ ಅಲ್ಲ. ಬೆಲ್ ಪ್ರಯೋಗಾಲಯದ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ವಿಜ್ಞಾನಿಗಳು ಸಿಲಿಕಾನಿನ ಸೌರಕೋಶವನ್ನು ಲೋಕಕ್ಕೆ ತೋರಿಸಿದ್ದು 1954ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1958ರ ಮಾರ್ಚಿಯಲ್ಲಿ, ಅಮೆರಿಕದ ವ್ಯಾನ್‌ಗಾರ್ಡ್ 1 ಎಂಬ ಉಪಗ್ರಹ ಎರಡು ಪ್ರೇಷಕಗಳನ್ನು ಹೊತ್ತು ಮೇಲೇರಿತು. ಗಾತ್ರದಲ್ಲಿ ಒಂದು ಸಣ್ಣ ಕುಂಬಳಕಾಯಿಯಷ್ಟು, ತೂಕ ಒಂದೂವರೆ ಕಿಲೋಗ್ರಾಮಿಗೂ ಕಡಮೆ. ಒಂದು ಪ್ರೇಷಕಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಆರು ಸೌರಕೋಶಗಳು. ಬ್ಯಾಟರಿಯದು ಅದೇ ವರ್ಷದ ಜೂನಿನಲ್ಲಿ ನಿಂತುಹೋಯಿತು. ಬರಿಯ 5 ಮಿಲಿವ್ಯಾಟಿನ ಬಿಸಿಲಿನ ಪ್ರೇಷಕ 1964ರವರೆಗೆ ನುಡಿಯುತ್ತಲೇ ಇತ್ತು.

ಆದರೆ ವ್ಯಾನ್‌ಗಾರ್ಡಿಗೆ ಮೋಡದ ಕಾಟವಿರಲಿಲ್ಲ. ನಾನು ಕೆಟ್ಟದ್ದು ಅಲ್ಲಿಯೇ. ಮೊದಲ ಪೆಟ್ಟಿಗೆಯನ್ನು ಏಪ್ರಿಲಿನಲ್ಲಿ ನಿಲ್ಲಿಸಿದೆ. ಶಾಲೆಯ ನೋಟುಪುಸ್ತಕದಷ್ಟು ಅಗಲದ, 5 ವ್ಯಾಟಿನ ಸೌರಫಲಕ. 3000 ಮಿಲಿಆಂಪಿಯರ್-ಗಂಟೆಯ ಎರಡು ಲಿಥಿಯಂ ಕೋಶಗಳು. ಎರಡು ತಿಂಗಳು ಸೊಗಸಾಗಿ ನಡೆಯಿತು. ಹೆಮ್ಮೆಯಿಂದ ಸಿಕ್ಕಿದವರಿಗೆಲ್ಲ ತೋರಿಸಿದೆ. ಜುಲೈಯಲ್ಲಿ ಮಳೆ ಹಿಡಿಯಿತು. ಮೂರನೆಯ ದಿನ ಸಂಜೆ ಪೆಟ್ಟಿಗೆ ಸತ್ತಿತು; ಬೇಕಾದ ಹೊತ್ತಿಗೆ ಸರಿಯಾಗಿ ಸತ್ತಿತು.

ಲೆಕ್ಕವನ್ನು ಮೊದಲೇ ಮಾಡಿದ್ದರೆ ಗುಡ್ಡ ಹತ್ತುವ ಶ್ರಮ ಉಳಿಯುತ್ತಿತ್ತು. ನಾನು ಆರಿಸಿಕೊಂಡಿದ್ದುದು ವೈಫೈ ಕೂಡ ಇರುವ ಬಗೆಯ ಗಣಕಚಿಪ್ಪು. ಅದು ಸುಮ್ಮನೆ ಕುಳಿತಿದ್ದಾಗಲೂ ಸುಮಾರು 100 ಮಿಲಿಆಂಪಿಯರ್ ಕುಡಿಯುತ್ತಿತ್ತು. ದಿನಕ್ಕೆ 2400 ಮಿಲಿಆಂಪಿಯರ್-ಗಂಟೆ, ಕೋಶದ 3.7 ವೋಲ್ಟಿನಿಂದ ಗುಣಿಸಿದರೆ 8.9 ವ್ಯಾಟ್-ಗಂಟೆ. ಇದು ಖರ್ಚು. ಜಮೆ ಎಷ್ಟು? ತಿಳಿಯಾದ ಮಾರ್ಚ್ ತಿಂಗಳಲ್ಲಿ ಫಲಕಕ್ಕೆ ಪೂರ್ಣಬಲದ ಬಿಸಿಲು ದಿನಕ್ಕೆ ಐದಾರು ಗಂಟೆ ದೊರೆತಂತೆ ಲೆಕ್ಕ. ಹಗಲಿನಲ್ಲಿಯೇ ದೀಪ ಹಚ್ಚಬೇಕಾದ ಜುಲೈಯ ದಿನಗಳಲ್ಲಿ ಅದು ಅರ್ಧ ಗಂಟೆಗೆ ಇಳಿಯುವುದುಂಟು. ಐದು ವ್ಯಾಟಿನ ಅರ್ಧ ಗಂಟೆಯೆಂದರೆ ಎರಡೂವರೆ. ಅದರಲ್ಲಿ ಸೋರಿಕೆ ಸವಕಳಿ ಕಳೆದರೆ ಕೈಗೆ ದಕ್ಕುವುದು ಒಂದೂವರೆ ವ್ಯಾಟ್-ಗಂಟೆ. ದಿನವೂ ಒಂಬತ್ತು ಖರ್ಚು, ಒಂದೂವರೆ ಜಮೆ. ಕೋಶಗಳಲ್ಲಿದ್ದ ಗಂಟು 22. ಮೂರು ದಿನವಲ್ಲದೆ ಎಷ್ಟು ದಿನ ಬಂದೀತು?

ದೊಡ್ಡ ಫಲಕ ಹಾಕಬೇಕೆಂದು ತೋರುವುದು ಸಹಜ. ಆದರೆ ದೊಡ್ಡ ಫಲಕಕ್ಕೆ ಗಾಳಿಯ ಹೊಡೆತವೂ ದೊಡ್ಡದು. ಸಂಸಾರದಲ್ಲಿಯಂತೆ ಇಲ್ಲಿಯೂ ಖರ್ಚನ್ನು ತಗ್ಗಿಸುವುದೇ ಸುಲಭ. ಬ್ಲೂಟೂತ್ ಮಾತ್ರ ಇರುವ, ಎನ್‌ಆರ್‌ಎಫ್ 52840 ಎಂಬ ಮಿತಾಹಾರಿ ಚಿಪ್ಪಿನ ಫಲಕವನ್ನು ತಂದೆ. ರೇಡಿಯೋ ಸದಾ ಕಿವಿಗೊಟ್ಟಿದ್ದರೂ ಒಟ್ಟು ಬಳಕೆ ಸುಮಾರು 10 ಮಿಲಿಆಂಪಿಯರ್, ದಿನಕ್ಕೆ 0.9 ವ್ಯಾಟ್-ಗಂಟೆ. ಈಗ ಅತ್ಯಂತ ಕತ್ತಲಿನ ದಿನದಲ್ಲಿಯೂ ಜಮೆ ಖರ್ಚಿಗಿಂತ ಹೆಚ್ಚು. ಬಿಸಿಲು ಸಂಪೂರ್ಣವಾಗಿ ಇಲ್ಲವಾದರೂ ಅವೇ ಎರಡು ಕೋಶಗಳು ಮೂರು ವಾರಗಳ ಮೇಲೆ ಬಾಳುವುವು. ಒಂದು ವಿಷಯ ಇಲ್ಲಿ ಗಮನಾರ್ಹ. ಪ್ರೇಷಕ ನುಡಿಯುವಾಗ ನೂರಕ್ಕೂ ಹೆಚ್ಚು ಮಿಲಿಆಂಪಿಯರ್ ಎಳೆಯುವುದು ನಿಜ. ಆದರೆ ದಿನಕ್ಕೆ ನೂರು ಸಂದೇಶಗಳನ್ನು ದಾಟಿಸಿದರೂ ಅದು ನುಡಿಯುವ ಕಾಲ ನಾಲ್ಕೈದು ನಿಮಿಷ ಮಾತ್ರ. ಮಾತನಾಡುವುದಕ್ಕಿಂತ ಇಪ್ಪತ್ತನಾಲ್ಕು ಗಂಟೆ ಕಿವಿ ತೆರೆದು ಕುಳಿತಿರುವುದೇ ದುಬಾರಿ.

ಫಲಕವನ್ನು ಯಾವ ಓರೆಯಲ್ಲಿ ನಿಲ್ಲಿಸಬೇಕು? ಅಕ್ಷಾಂಶದಷ್ಟು ಕೋನದಲ್ಲಿ ದಕ್ಷಿಣಕ್ಕೆ ವಾಲಿಸಬೇಕೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ವರ್ಷದ ಒಟ್ಟು ಬಿಸಿಲನ್ನು ಕೂಡಿಹಾಕುವವರಿಗೆ ಅದು ಸರಿ. ನಮಗೆ ಚಿಂತೆ ಇರುವುದು ಜೂನ್-ಜುಲೈಗಳದು. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮೇಲಾಗಿ ಮೋಡದ ದಿನ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಇಳಿಯುವುದು. ಆದ್ದರಿಂದ ಫಲಕವನ್ನು ಬಹುಮಟ್ಟಿಗೆ ಆಕಾಶಕ್ಕೇ ಮುಖಮಾಡಿ ಮಲಗಿಸಿ, ನೀರು ಮತ್ತು ತರಗೆಲೆ ಜಾರುವಷ್ಟು ಓರೆ ಕೊಟ್ಟರೆ ಸಾಕು. ಡಿಸೆಂಬರಿನಲ್ಲಿ ಸ್ವಲ್ಪ ನಷ್ಟವಾಗುವುದು. ಆಗ ಬಿಸಿಲಿಗೆ ಬರವಿಲ್ಲ.

ಇನ್ನು ಆಂಟೆನಾ. ಇದನ್ನು ಕೈಯಾರೆ ಮಾಡುವುದರಲ್ಲಿ ಒಂದು ಸುಖವಿದೆ. ಅಲೆಯುದ್ದದ ಕಾಲು ಭಾಗ 8.65 ಸೆಂಟಿಮೀಟರು; ತಂತಿಯಲ್ಲಿ ಅಲೆಯ ನಡಿಗೆ ಕೊಂಚ ನಿಧಾನವಾದ್ದರಿಂದ ಕಡ್ಡಿಯನ್ನು ಸುಮಾರು 8.2 ಸೆಂಟಿಮೀಟರಿಗೆ ಕತ್ತರಿಸಬೇಕು. ಎರಡು ಮಿಲಿಮೀಟರು ದಪ್ಪದ ತಾಮ್ರದ ತಂತಿ ಸಾಕು. ನಟ್ಟನಡುವೆ ಒಂದು ಕಡ್ಡಿ ನೇರವಾಗಿ ಮೇಲಕ್ಕೆ. ಅಷ್ಟೇ ಉದ್ದದ ನಾಲ್ಕು ಕಡ್ಡಿಗಳು ಕೊಡೆಯ ಕಡ್ಡಿಗಳಂತೆ 45 ಡಿಗ್ರಿ ಕೆಳಕ್ಕೆ ಬಾಗಿ. ಹೀಗೆ ಬಾಗಿಸುವುದು ಅಂದಕ್ಕಲ್ಲ. ನಾಲ್ಕೂ ಅಡ್ಡಲಾಗಿದ್ದರೆ ಆಂಟೆನಾದ ವಿದ್ಯುತ್ ತಡೆ 36 ಓಮಿನ ಸುಮಾರಿಗೆ ಇರುತ್ತದೆ. ಬಾಗಿಸಿದಾಗ ಅದು ಪ್ರೇಷಕ ಬಯಸುವ 50 ಓಮಿನ ಹತ್ತಿರಕ್ಕೆ ಬರುತ್ತದೆ. ಆಂಟೆನಾ ಸಿಕ್ಕಿಸದೆ ಪ್ರೇಷಕಕ್ಕೆ ವಿದ್ಯುತ್ತು ಕೊಡಬಾರದು. ಹೊರಗೆ ಹೋಗಲು ದಾರಿ ಕಾಣದ ಶಕ್ತಿ ಹಿಂದಿರುಗಿ ಚಿಪ್ಪನ್ನೇ ಸುಟ್ಟೀತು.

ಅಂಗಡಿಯಲ್ಲಿ ದೊರೆಯುವ ಉದ್ದನೆಯ 'ಹೆಚ್ಚು ಗಳಿಕೆ'ಯ ಆಂಟೆನಾ ಇನ್ನೂ ಮೇಲಲ್ಲವೇ ಎಂದು ಕೇಳಬಹುದು. ಅಂತಹವು ಶಕ್ತಿಯನ್ನು ಹುಟ್ಟಿಸುವುದಿಲ್ಲ. ದೋಸೆಯ ಹಿಟ್ಟನ್ನು ತೆಳುವಾಗಿ ಹರಡುವಂತೆ ಅಲೆಯನ್ನು ದಿಗಂತದ ಕಡೆಗೆ ಚಪ್ಪಟೆಯಾಗಿ ಹರಡುತ್ತವೆ, ಅಷ್ಟೆ. ಬಯಲುಸೀಮೆಗೆ ಅದು ಒಳ್ಳೆಯದು. ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದರೆ ಅಲೆ ಕಣಿವೆಯ ಮನೆಗಳ ತಲೆಯ ಮೇಲಿನಿಂದ ಹಾದುಹೋಗುವುದು. ಆಂಟೆನಾಕ್ಕೂ ಪೆಟ್ಟಿಗೆಗೂ ನಡುವಿನ ತಂತಿಯಾದರೋ ಆದಷ್ಟು ಗಿಡ್ಡವಾಗಿರಲಿ. ಈ ಆವರ್ತಾಂಕದಲ್ಲಿ ತೆಳುವಾದ ಕೇಬಲು ಮೂರು ಮೀಟರಿದ್ದರೆ ಅರ್ಧ ಶಕ್ತಿ ಅದರಲ್ಲಿಯೇ ಇಂಗುತ್ತದೆ. ಪೆಟ್ಟಿಗೆಯನ್ನೇ ಕಂಬದ ತುದಿಗೆ ಏರಿಸಬಹುದಾದ್ದು ಬಿಸಿಲಿನ ವ್ಯವಸ್ಥೆಯ ಇನ್ನೊಂದು ಅನುಕೂಲ.

ಮಳೆ ನೀರನ್ನು ಹೊರಗಿಡುವುದು ಸುಲಭ. ಒಳಗೆ ಹುಟ್ಟುವ ನೀರನ್ನು ತಡೆಯುವುದು ಕಷ್ಟ. ಹಗಲು ಕಾದ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗಿ ಹೊರಬೀಳುವುದು, ರಾತ್ರಿ ತಣಿದಾಗ ಸಂದುಗಳಿಂದ ತೇವದ ಗಾಳಿಯನ್ನು ಹೀರುವುದು. ಎಷ್ಟು ಬಿಗಿದರೂ ಪೆಟ್ಟಿಗೆ ಹೀಗೆ ಉಸಿರಾಡುತ್ತದೆ. ಆದುದರಿಂದ ತಳದಲ್ಲಿ, ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯುಳ್ಳ ಒಂದು ಚಿಕ್ಕ ಗವಾಕ್ಷಿಯನ್ನು ಇಡುವುದೇ ಲೇಸು. ಬರಿಯ ತೂತು ಬಿಟ್ಟರೆ ಇರುವೆ ಸಂಸಾರ ಹೂಡುವುದು. ಇದು ಪುಸ್ತಕದ ಮಾತಲ್ಲ, ಒಂದು ಹಿಡಿ ಮೊಟ್ಟೆಗಳನ್ನು ನಾನೇ ಗುಡಿಸಿ ತೆಗೆದಿದ್ದೇನೆ. ತಂತಿಗಳೆಲ್ಲ ತಳದಿಂದಲೇ ಒಳಹೋಗಲಿ. ಒಳಹೋಗುವ ಮೊದಲು ಒಮ್ಮೆ ಕೆಳಕ್ಕೆ ಜೋತುಬಿದ್ದು ಮೇಲೇರಲಿ. ತಂತಿಯನ್ನು ಹಿಡಿದು ಹರಿದು ಬಂದ ನೀರು ಆ ಜೋಲಿನಲ್ಲಿ ತೊಟ್ಟಿಕ್ಕಿ ಬೀಳುವುದು. ಪೆಟ್ಟಿಗೆ ಫಲಕದ ನೆರಳಿನಲ್ಲಿರಲಿ. ಸಾಧಾರಣ ಲಿಥಿಯಂ ಕೋಶವನ್ನು 45 ಡಿಗ್ರಿ ಸೆಲ್ಸಿಯಸಿಗಿಂತ ಮೇಲೆ ಚಾರ್ಜು ಮಾಡುವುದು ಹಿತವಲ್ಲ. ಏಪ್ರಿಲಿನ ಬಿಸಿಲಿಗೊಡ್ಡಿದ ಮುಚ್ಚಿದ ಪೆಟ್ಟಿಗೆ ಆ ಮಿತಿಯನ್ನು ಸುಲಭವಾಗಿ ದಾಟುವುದು. 4.2 ವೋಲ್ಟಿಗೆ ಚಾರ್ಜನ್ನು ನಿಲ್ಲಿಸುವ ಮಂಡಲ ಇರಲೇಬೇಕು. ಕೋಶ ತೀರ ಬತ್ತಿದಾಗ ಸಂಪರ್ಕವನ್ನು ಕಡಿದು, ಸಾಕಷ್ಟು ತುಂಬಿದ ಮೇಲೆ ಮಾತ್ರ ಕೂಡಿಸುವ ಮಂಡಲವೂ ಇದ್ದರೆ ಒಳ್ಳೆಯದು. ನನ್ನ ಮೊದಲ ಪೆಟ್ಟಿಗೆ ಬಿಸಿಲು ಬಂದ ಮೇಲೂ ಏಳಲಿಲ್ಲ. ವೋಲ್ಟು ನಿಧಾನವಾಗಿ ಏರುವಾಗ ಚಿಪ್ಪು ಎದ್ದು ಬಿದ್ದು, ಎದ್ದು ಬಿದ್ದು, ಕೊನೆಗೆ ಮಂಕಾಗಿ ಕುಳಿತಿತ್ತು. ಗುಡ್ಡದ ನೆತ್ತಿಯೆಂದ ಮೇಲೆ ಸಿಡಿಲಿನ ಮಾತನ್ನೂ ಮರೆಯುವಂತಿಲ್ಲ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ನೆಲಕ್ಕೆ ಕೂಡಿಸಿ. ಮೋಡ ಕಟ್ಟಿದ ಮಧ್ಯಾಹ್ನ ಮೇಲೆ ಹತ್ತಬೇಡಿ.

ಇನ್ನು, ಪೆಟ್ಟಿಗೆಗಳು ಪರಸ್ಪರ ನಡೆದುಕೊಳ್ಳುವ ರೀತಿ. ಕೇಂದ್ರವೇ ಇಲ್ಲದ ಬಲೆಯಂತೆ ನಿಲಯಗಳನ್ನು ಹೆಣೆದರೆ, ಅವುಗಳಲ್ಲಿ ಹಲವು ನಾಶವಾದರೂ ಸಂದೇಶ ಬೇರೆ ದಾರಿಯಿಂದ ಮುಟ್ಟುವುದೆಂದು ಅಮೆರಿಕದ ಪಾಲ್ ಬಾರನ್ 1964ರಲ್ಲಿ ಪ್ರಕಟವಾದ ತಮ್ಮ ಲೇಖನಗಳಲ್ಲಿ ವಾದಿಸಿದ್ದರು. ಒಂದೊಂದು ನಿಲಯಕ್ಕೂ ಮೂರು ನಾಲ್ಕು ನೆರೆಯವರ ನಂಟಿದ್ದರೆ ಸಾಕೆಂಬುದು ಅವರ ಲೆಕ್ಕ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಜಾಲವನ್ನು ನಡೆಸಿ, ಒಂದೇ ಆವರ್ತಾಂಕದಲ್ಲಿ ಹಲವರು ಮಾತನಾಡಿದಾಗಿನ ತೊಡಕನ್ನು ಕಂಡುಕೊಂಡರು. ಇಬ್ಬರು ಒಟ್ಟಿಗೆ ನುಡಿದರೆ ಎರಡೂ ಕೆಡುತ್ತವೆ. ಯಾರೂ ಯಾರನ್ನೂ ಕೇಳದೆ ಮನಬಂದಾಗ ನುಡಿಯುವ ಪದ್ಧತಿಯಲ್ಲಿ ಲಭ್ಯ ಕಾಲದ ಶೇಕಡಾ 18ರಷ್ಟು ಮಾತ್ರ ಸಾರ್ಥಕವಾಗುವುದು.

ನಾನು ಬಳಸುತ್ತಿರುವ ಕಾರ್ಯಕ್ರಮದ ಹೆಸರು ಮೆಶ್‌ಟಾಸ್ಟಿಕ್. ಕೆವಿನ್ ಹೆಸ್ಟರ್ ಎಂಬವರು 2020ರಲ್ಲಿ ಆರಂಭಿಸಿದ್ದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ್ದು. ಇದರ ಪದ್ಧತಿ ಮನುಷ್ಯರಿಗೂ ಅನುಕರಣೀಯ. ಪೆಟ್ಟಿಗೆಯೊಂದು ಹೊಸ ಸಂದೇಶವನ್ನು ಕೇಳಿದರೆ ಒಡನೆಯೇ ಕಿರಿಚುವುದಿಲ್ಲ, ಕ್ಷಣಕಾಲ ತಡೆಯುವುದು. ಸಂದೇಶ ಯಾರಿಗೆ ಕ್ಷೀಣವಾಗಿ ಕೇಳಿಸಿತೋ ಅವರು ಬಹುಶಃ ದೂರದಲ್ಲಿರುವವರು. ಅವರು ಹೇಳಿದರೆ ಸುದ್ದಿ ಹೆಚ್ಚು ದೂರ ಮುಟ್ಟುವುದು. ಆದ್ದರಿಂದ ಅವರ ಸರದಿ ಮೊದಲು. ಇನ್ನೊಬ್ಬರು ಆಗಲೇ ಹೇಳಿದ್ದು ಕಿವಿಗೆ ಬಿದ್ದರೆ ಉಳಿದವರು ಸುಮ್ಮನಾಗುವರು. ಒಮ್ಮೆ ಕೇಳಿದ ಸಂದೇಶದ ಗುರುತಿನ ಸಂಖ್ಯೆಯನ್ನು ನೆನಪಿಟ್ಟು, ಅದೇ ಮತ್ತೆ ಬಂದರೆ ಬಿಟ್ಟುಬಿಡುವರು. ಸಂದೇಶವನ್ನು ಸಾಮಾನ್ಯವಾಗಿ ಮೂರು ಸಲ, ಹೆಚ್ಚೆಂದರೆ ಏಳು ಸಲ ಮಾತ್ರ ಕೈಬದಲಿಸಬಹುದು. ಗುಡ್ಡದ ಮೇಲಿನ ಪೆಟ್ಟಿಗೆಗೆ ಮಾತ್ರ ತಪ್ಪದೆ ಮರುನುಡಿಯುವ ಪಾತ್ರವನ್ನು ಕೊಟ್ಟಿರಬೇಕು. ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದಾದರೂ ಮೊದಲಿಗೆ ಬರುವ ಕೀಲಿ ಎಲ್ಲರಿಗೂ ಗೊತ್ತಿರುವಂಥದು. ಮನೆಮಾತು ಮನೆಯಲ್ಲಿರಬೇಕಾದರೆ ಕೀಲಿಯನ್ನು ಬದಲಿಸಿಕೊಳ್ಳಿ.

ಕಾನೂನಿನ ವಿಷಯ ಒಂದೆರಡು ಮಾತು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸಿನ ಪಟ್ಟಿಯನ್ನು 2005ರ ನಿಯಮಗಳು ಲೈಸೆನ್ಸಿನಿಂದ ಮುಕ್ತಗೊಳಿಸಿದುವು. 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ಪ್ರೇಷಕದ ಬಲ 1 ವ್ಯಾಟು, ಆಂಟೆನಾದಿಂದ ಹೊಮ್ಮುವ ಬಲ 4 ವ್ಯಾಟು, ಅಲೆಯ ಪಟ್ಟಿಯ ಅಗಲ 200 ಕಿಲೋಹರ್ಟ್ಸ್ ಮೀರಬಾರದೆಂದು 2005ರ ನಿಯಮ ಹೇಳಿದೆ. ಸಾಧನ ಅಂಗೀಕೃತ ಮಾದರಿಯದಾಗಿರಬೇಕು. ಅಮೆರಿಕಕ್ಕೆಂದು ಮಾಡಿದ 915 ಮೆಗಾಹರ್ಟ್ಸಿನ ಫಲಕವನ್ನು ಅಗ್ಗವೆಂದು ತರಬೇಡಿ. ಕಾರ್ಯಕ್ರಮದಲ್ಲಿ ಭಾರತದ ಪಟ್ಟಿಯನ್ನು ಆರಿಸಿದ ಮೇಲೆ, ತಾನಾಗಿ ಬರುವ 250 ಕಿಲೋಹರ್ಟ್ಸಿನ ಬಗೆಯನ್ನು ಬಿಟ್ಟು, ಈ ಲೇಖನದಲ್ಲಿ ಲೆಕ್ಕ ಹಾಕಿದ 125 ಕಿಲೋಹರ್ಟ್ಸಿನ ಬಗೆಯನ್ನು ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಸೂಚನೆ. ಒಂದು ಸಂದೇಶದಲ್ಲಿ ಹಿಡಿಯುವುದು ಸುಮಾರು 200 ಬೈಟುಗಳು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದಕ್ಕೆ ಹಚ್ಚಿದ ಗುಣಿತದ ಚಿಹ್ನೆಗೆ ಮತ್ತೆ ಮೂರು. "ಹೊಳೆ ಏರಿದೆ, ಬರಬೇಡಿ" ಎಂಬುದಕ್ಕೆ 48 ಬೈಟುಗಳು ಬೇಕು. ನಮ್ಮ ಭಾಷೆಗೆ ಇದು ಸ್ವಲ್ಪ ಅನ್ಯಾಯವೇ ಸರಿ. ದೊಡ್ಡಮ್ಮನ ಮೊಮ್ಮಗಳು, ಹತ್ತನೆಯ ತರಗತಿಯ ಹುಡುಗಿ, ಇದಕ್ಕೆ ಪರಿಹಾರ ಹುಡುಕಿದ್ದಾಳೆ. "ಚಿಕ್ಕಪ್ಪ, 1 ಅಂದರೆ ಎಲ್ಲರೂ ಚೆನ್ನಾಗಿದ್ದೇವೆ, 2 ಅಂದರೆ ಔಷಧಿ ಮುಗಿಯುತ್ತಾ ಬಂತು, 3 ಅಂದರೆ ಕೂಡಲೇ ಬನ್ನಿ" ಎಂದು ಒಂದು ಚೀಟಿ ಬರೆದು ಎರಡು ಮನೆಗಳ ಗೋಡೆಗೂ ಅಂಟಿಸಿದ್ದಾಳೆ.

ಇಂತಹ ಪೆಟ್ಟಿಗೆಯ ಮೇಲೆ ಪ್ರಾಣವನ್ನೇ ಒತ್ತೆಯಿಡಬಾರದು. ಸಂದೇಶ ಮುಟ್ಟಿದರೆ ಮುಟ್ಟಿತೆಂಬ ಉತ್ತರ ಬರುವುದು. ಮುಟ್ಟದಿದ್ದರೆ ಮತ್ತೆ ಕಳುಹಿಸಬೇಕು, ಅಷ್ಟೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ದಾರಿಗಳು ಮುಚ್ಚಿದಂತೆ ಇಲ್ಲಿಯೂ ಜರಿದರೆ, ತೊಟ್ಟಿಯೊಡನೆ ಪೆಟ್ಟಿಗೆಯೂ ಜಾರಿಹೋದೀತು. ಅದಕ್ಕಾಗಿ ಹೊಳೆಯ ಕೆಳಗಿನ ತಿರುವಿನಲ್ಲಿರುವ ಮನೆಯವರೊಡನೆ ಮಾತನಾಡಿದ್ದೇನೆ. ಅವರ ಮಾಡಿನ ಮೇಲೊಂದು ಪೆಟ್ಟಿಗೆ ಕುಳಿತರೆ ಸುದ್ದಿಗೆ ಎರಡನೆಯ ದಾರಿ ಆಗುವುದು.

ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ದೀಪವೂ ಇರಲಿಲ್ಲ, ಮೊಬೈಲ್ ಗೋಪುರವೂ ಇರಲಿಲ್ಲ. ಗುಡ್ಡದ ಪೆಟ್ಟಿಗೆ ತನ್ನ ಕೋಶದ ಮಟ್ಟವನ್ನೂ ಆಗಾಗ ತಿಳಿಸುತ್ತಿರುತ್ತದೆ. ಮೊದಲ ದಿನ 4.08 ವೋಲ್ಟು, ನಾಲ್ಕನೆಯ ದಿನ 4.02. ಆ ನಾಲ್ಕು ದಿನವೂ ಬೆಳಗ್ಗೆ ಏಳು ಗಂಟೆಗೆ ಆಚೆಯ ಮಗ್ಗುಲಿನಿಂದ ಒಂದು '1' ಬಂದಿತು. ಮೂರನೆಯ ದಿನ ಅದರ ಹಿಂದೆಯೇ ಇನ್ನೂ ಒಂದು ಸಾಲಿತ್ತು: "ಅಜ್ಜಿ ಕೇಳ್ತಿದಾಳೆ, ನಿಮ್ಮದು ಊಟ ಆಯ್ತಾ?"